ಹದಿನಾರು ಮುಖದ ಓದು

ಕಾದಂಬರಿ ಹಿಡಿದವರು ಕಾದಂಬರಿಯನ್ನೇ ಓದುತ್ತಾರೆ, ಪತ್ತೇದಾರಿ ಹಿಡಿದವರು ಪತ್ತೇದಾರಿಯನ್ನೇ. ಒಂದು ಬಗೆಯ ಪುಸ್ತಕದಿಂದ ಇನ್ನೊಂದು ಬಗೆಗೆ ದಾಟುವುದು ಹೇಗೆ? ನಂಜನಗೂಡು ಸೀಮೆಯಿಂದಲೇ ಹೊರಡುವ ಒಂದು ದಾರಿ ಇಲ್ಲಿದೆ.

ನಂಜನಗೂಡು ತಾಲ್ಲೂಕಿನ ಹೆಡತಲೆಗೆ ಬಂದವರು ಲಕ್ಷ್ಮೀಕಾಂತ ದೇವಸ್ಥಾನದ ಹದಿನಾರು ಮುಖದ ಚಾವಡಿಯನ್ನು ನೋಡದೆ ಹೋಗುವುದಿಲ್ಲ. ಹಿಂದೆ ಈ ಸೀಮೆಯನ್ನು ಆಳುತ್ತಿದ್ದ ನಾಯಕನೊಬ್ಬನಿಗೆ ಹದಿನಾರು ಮಂದಿ ಅಳಿಯಂದಿರಿದ್ದರಂತೆ. ಯಾರನ್ನು ಮೇಲೆ ಕೂರಿಸಬೇಕು, ಯಾರನ್ನು ಕೆಳಗೆ ಕೂರಿಸಬೇಕು ಎಂಬ ಮನಸ್ತಾಪ ಬಾರದಿರಲೆಂದು ಹದಿನಾರು ಮಂದಿಗೂ ಸಮನಾದ ಆಸನಗಳಿರುವ ಚಾವಡಿ ಕಟ್ಟಿಸಿದನಂತೆ. ಇದು ಊರಿನ ಹಿರಿಯರು ಹೇಳಿಕೊಂಡು ಬಂದ ಕತೆ.

ನಮ್ಮ ಮನೆಗಳಲ್ಲಿ ಪುಸ್ತಕಗಳಿಗೆ ಇಂಥ ಚಾವಡಿ ಇಲ್ಲ. ಪಠ್ಯಪುಸ್ತಕಕ್ಕೆ ಎತ್ತರದ ಮಣೆ. ಅದರ ಪಕ್ಕದಲ್ಲೇ ಗೈಡಿಗೆ ಒಂದು ಮಣೆ. ಮಹಾಪುರುಷರ ಆತ್ಮಕತೆಯಾದರೆ ಹಜಾರದ ಮೂಲೆಯಲ್ಲಿ ಸ್ವಲ್ಪ ಜಾಗ ಉಂಟು. ಕಾದಂಬರಿ, ಅದರಲ್ಲೂ ಪತ್ತೇದಾರಿ ಕಾದಂಬರಿ, ಹೊಸಿಲು ದಾಟಿ ಒಳಗೆ ಬರುವ ಹಾಗೇ ಇಲ್ಲ. ‘ಕತೆ ಪುಸ್ತಕ ಹಿಡಿದು ಕೂತರೆ ಮಾರ್ಕ್ಸ್ ಎಲ್ಲಿಂದ ಬರುತ್ತದೆ ಮೇಷ್ಟ್ರೇ?’ ಎಂದು ಪೋಷಕರ ಸಭೆಯಲ್ಲಿ ಕೇಳದವರಿಲ್ಲ.

ನಾನು ಪಾಠ ಹೇಳುವುದು ವಿಜ್ಞಾನ. ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಹೈಸ್ಕೂಲು ಮಕ್ಕಳ ಉತ್ತರಪತ್ರಿಕೆ ತಿದ್ದಿದವನ ಅನುಭವದಿಂದ ಒಂದು ಮಾತು ಹೇಳಬಲ್ಲೆ. ಓಮನ ನಿಯಮವನ್ನು ಬಾಯಿಪಾಠ ಒಪ್ಪಿಸುವ ಹುಡುಗ, ಅದೇ ನಿಯಮವನ್ನು ನಾಲ್ಕು ಸಾಲಿನ ಸನ್ನಿವೇಶದೊಳಗೆ ಅಡಗಿಸಿ ಕೇಳಿದರೆ ತಡವರಿಸುತ್ತಾನೆ. ಅವನಿಗೆ ಗೊತ್ತಿಲ್ಲದಿರುವುದು ವಿದ್ಯುಚ್ಛಕ್ತಿಯಲ್ಲ. ಒಂದು ಉದ್ದನೆಯ ವಾಕ್ಯದ ಕೊನೆ ಮುಟ್ಟುವ ತಾಳ್ಮೆ ಅವನಿಗೆ ಅಭ್ಯಾಸವಾಗಿಲ್ಲ. ಆ ಅಭ್ಯಾಸ ಗೈಡಿನಿಂದ ಬರುವುದಿಲ್ಲ. ಮುಂದೇನಾಯಿತು ಎಂಬ ಕುತೂಹಲದಿಂದ ಪುಟ ತಿರುವಿದಾಗ ತಾನಾಗಿಯೇ ಬರುತ್ತದೆ.

ರಾಗಿ ಹೊಲದ ಪಾಠ

ಆದರೆ ಓದು ಎಂದರೆ ಒಂದೇ ಬಗೆಯದನ್ನು ರಾಶಿ ಹಾಕುವುದೂ ಅಲ್ಲ. ನಮ್ಮ ಕಡೆಯ ರೈತರು ಬರಿಯ ರಾಗಿಯನ್ನೇ ಬಿತ್ತುತ್ತಿರಲಿಲ್ಲ. ಕೆಲವು ಸಾಲು ರಾಗಿಯಾದ ಮೇಲೆ ಒಂದು ಅಕ್ಕಡಿ ಸಾಲು: ಅವರೆ, ತೊಗರಿ, ಜೋಳ, ಹುಚ್ಚೆಳ್ಳು. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಅವರೆ ಕೈಹಿಡಿಯುತ್ತಿತ್ತು. ಅವರೆ, ತೊಗರಿಗಳ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ ಎಂಬುದನ್ನು ಎಂಟನೆಯ ತರಗತಿಯ ಮಕ್ಕಳೂ ಬಲ್ಲರು. ಒಂದು ಬೆಳೆ ಮಣ್ಣಿನಿಂದ ತೆಗೆದದ್ದನ್ನು ಇನ್ನೊಂದು ಬೆಳೆ ತುಂಬಿಕೊಡುತ್ತದೆ.

ಓದಿನ ಹೊಲಕ್ಕೂ ಇದೇ ನ್ಯಾಯ. ಕಾದಂಬರಿ ಬೇರೆಯವರ ಮನಸ್ಸಿನೊಳಗೆ ಹೋಗಿ ಬರುವುದನ್ನು ಕಲಿಸುತ್ತದೆ. ಆತ್ಮಕತೆ, ಇದೇ ನೆಲದಲ್ಲಿ ಒಬ್ಬರು ನಿಜವಾಗಿ ಹೀಗೆ ಬದುಕಿದರು ಎಂಬ ಧೈರ್ಯ ಕೊಡುತ್ತದೆ. ಪತ್ತೇದಾರಿ ಕತೆ ಸುಳಿವುಗಳನ್ನು ಪೋಣಿಸುವುದನ್ನು, ಹಾಸ್ಯ ನಮ್ಮನ್ನು ನೋಡಿ ನಾವೇ ನಗುವುದನ್ನು ಕಲಿಸುತ್ತವೆ. ಯಾವುದೇ ಒಂದನ್ನು ಮಾತ್ರ ಬೆಳೆದರೆ ಹೊಲ ಬಡವಾಗುತ್ತದೆ. ಆದ್ದರಿಂದ ನನ್ನ ಸಲಹೆ ಇಷ್ಟೆ: ಮಗುವಿಗೆ ಈಗ ಯಾವುದು ರುಚಿಸುತ್ತಿದೆಯೋ ಅದನ್ನು ಕಿತ್ತುಕೊಳ್ಳಬೇಡಿ, ಅದರ ಪಕ್ಕದ ಸಾಲಿನಲ್ಲಿ ಇನ್ನೊಂದು ಬಗೆಯದನ್ನು ಬಿತ್ತಿ. ಹೇಗೆಂಬುದಕ್ಕೆ ಕೆಲವು ಉದಾಹರಣೆಗಳನ್ನು ಕೊಡುತ್ತೇನೆ.

ಕಪಿಲೆಯ ದಡದಲ್ಲಿ

ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ (1965) ನಮ್ಮ ನಂಜನಗೂಡಿನಲ್ಲೇ ನಡೆಯುವ ಕಾದಂಬರಿ. ಶ್ರೀನಿವಾಸ ಶ್ರೋತ್ರಿಗಳ ಒಬ್ಬನೇ ಮಗ ಕಪಿಲೆಯ ಪ್ರವಾಹಕ್ಕೆ ಸಿಕ್ಕಿ ತೀರಿಕೊಳ್ಳುತ್ತಾನೆ. ಎಳೆಯ ವಯಸ್ಸಿನ ಸೊಸೆ ಕಾತ್ಯಾಯನಿ, ಮಡಿಲಲ್ಲೊಂದು ಮಗು. ಆಕೆ ರೈಲಿನಲ್ಲಿ ಮೈಸೂರಿನ ಕಾಲೇಜಿಗೆ ಹೋಗಿ ಓದಲು ನಿಶ್ಚಯಿಸಿದಲ್ಲಿಂದ ಮನೆಯ ಒಳಗೂ ಮನಸ್ಸಿನ ಒಳಗೂ ಬಿರುಗಾಳಿ ಏಳುತ್ತದೆ. ನಂಜನಗೂಡಿನಿಂದ ಮೈಸೂರಿಗೆ ಓದಲು ಓಡಾಡುವ ಪಿಯುಸಿ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವ ಪುಸ್ತಕ ಇದು. ತಾವು ದಿನವೂ ದಾಟುವ ಹೊಳೆ, ತಾವು ಕಂಡ ಬೀದಿ ಕತೆಯಲ್ಲಿ ಬಂದಾಗ ದಪ್ಪ ಪುಸ್ತಕದ ಭಯ ಅರ್ಧ ಕಡಿಮೆಯಾಗುತ್ತದೆ.

ಆದರೆ ಅಲ್ಲಿಗೇ ನಿಲ್ಲಬಾರದು. ವಿಧವೆಯ ಬದುಕನ್ನು ಒಬ್ಬ ಗಂಡಸು ಕಲ್ಪಿಸಿ ಬರೆದ ಕಾದಂಬರಿಯಾದ ಮೇಲೆ, ಒಬ್ಬ ಹೆಂಗಸು ಕಂಡು ಕೇಳಿದ್ದರಿಂದ ಬರೆದದ್ದನ್ನು ಓದಬೇಕು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಮಲೆನಾಡಿನಲ್ಲಿ ನಿಜವಾಗಿ ಬಾಳಿದ, ಲೇಖಕಿಯ ಮನೆತನಕ್ಕೇ ಸೇರಿದ ಒಬ್ಬ ಬಾಲವಿಧವೆಯ ಕತೆ. ಪುಟ ಕಡಿಮೆ, ಭಾಷೆ ಮನೆಮಾತಿನಷ್ಟು ಸರಳ. ತನಗಾದ ಅನ್ಯಾಯ ಇನ್ನೊಬ್ಬ ಹುಡುಗಿಗೆ ಆಗಬಾರದೆಂದು ಫಣಿಯಮ್ಮ ನಿಲ್ಲುವ ಸಂದರ್ಭವನ್ನು ಓದಿದವರು ಮರೆಯುವುದಿಲ್ಲ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಬೆಳಕು ಕಂಡದ್ದು 1963ರಲ್ಲಿ, ಅವರಿಗೆ ನಲವತ್ತೈದು ದಾಟಿದ ಮೇಲೆ. ‘ನಮಗೇಕೆ ಇನ್ನು ಓದು’ ಎನ್ನುವ ತಾಯಂದಿರು ಇದನ್ನು ಗಮನಿಸಬೇಕು.

ಮೂರನೆಯದು ಕಲ್ಪನೆಯೇ ಅಲ್ಲ, ನಿಜವಾದ ಒಂದು ಬಾಳು. ನಂಜನಗೂಡು ತಿರುಮಲಾಂಬ (1887–1982) ಬಾಲ್ಯದಲ್ಲೇ ಮದುವೆಯಾಗಿ, ಹದಿಹರೆಯದಲ್ಲೇ ಗಂಡನನ್ನು ಕಳೆದುಕೊಂಡವರು. ವಕೀಲರಾಗಿದ್ದ ತಂದೆಯ ಒತ್ತಾಸೆಯಿಂದ ಮನೆಯಲ್ಲೇ ಓದಿದರು. ಓದಿದ್ದು ಬರವಣಿಗೆಯಾಯಿತು, ಬರವಣಿಗೆ ಪ್ರಕಟಣೆಯಾಯಿತು. 1913ರಲ್ಲಿ, ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವುದೇ ಅಪರೂಪವಾಗಿದ್ದ ಕಾಲದಲ್ಲಿ, ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿದರು. ಆ ಮಾಲೆಯಲ್ಲಿ ‘ಸುಶೀಲೆ’, ‘ನಭಾ’ ಮೊದಲಾದ ಅವರ ಕಾದಂಬರಿಗಳು ಬಂದವು. ಹೆಂಗಸರಿಗಾಗಿ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ಸಂಪಾದಿಸಿದರು. ಬಾಗಿಲುಗಳೆಲ್ಲ ಮುಚ್ಚಿದ್ದ ಮನೆಯಲ್ಲಿ ತೆರೆದಿದ್ದ ಒಂದೇ ಕಿಟಕಿ ಪುಸ್ತಕ. ಆ ಕಿಟಕಿಯಿಂದಲೇ ಅವರು ಹೊರಗೆ ಬಂದರು. ಕನ್ನಡದ ಮೊದಲ ಲೇಖಕಿ-ಪ್ರಕಾಶಕಿ ಬದುಕಿದ್ದು ನಮ್ಮ ತಾಲ್ಲೂಕು ಕೇಂದ್ರದಲ್ಲೇ ಎಂಬುದು ಇಲ್ಲಿನ ಎಷ್ಟು ಮಕ್ಕಳಿಗೆ ಗೊತ್ತು?

ಒಂದೇ ಪ್ರಶ್ನೆಯನ್ನು ಕಾದಂಬರಿ, ಮನೆತನದ ಕತೆ, ಒಂದು ಜೀವನ ಎಂಬ ಮೂರು ಬಗೆಯಲ್ಲಿ ಓದಿದ ಹುಡುಗಿ, ತನ್ನ ಓದನ್ನು ಹತ್ತನೆಯ ತರಗತಿಗೆ ನಿಲ್ಲಿಸುವ ಮಾತು ಬಂದಾಗ ಸುಮ್ಮನೆ ತಲೆ ತಗ್ಗಿಸುವುದಿಲ್ಲ. ಅಜ್ಜನೊಡನೆ, ಅಪ್ಪನೊಡನೆ ವಾದಿಸಲು ಅವಳ ಬಳಿ ಮಾತುಗಳಿರುತ್ತವೆ. ಇವುಗಳ ಮುಂದಿನ ಸಾಲಿಗೆ ಹಾಸನದ ಬಾನು ಮುಷ್ತಾಕ್ ಅವರ ಸಣ್ಣಕತೆಗಳನ್ನು ಸೇರಿಸಬಹುದು. ಮುಸ್ಲಿಂ ಕುಟುಂಬಗಳ ಹೆಣ್ಣುಮಕ್ಕಳ ಬಾಳನ್ನು ಹೇಳುವ ಹನ್ನೆರಡು ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು, ಅನುವಾದಿಸಿದವರು ಕೊಡಗಿನ ದೀಪಾ ಭಾಸ್ತಿ. ಇಂಗ್ಲಿಷಿನಲ್ಲಿ ಜಗತ್ತು ಓದಿದ್ದನ್ನು ಮೂಲ ಕನ್ನಡದಲ್ಲೇ ಓದುವ ಭಾಗ್ಯ ನಮ್ಮದು.

ನಮ್ಮ ಮಾತು ಅಚ್ಚಾದಾಗ

ನಮ್ಮ ಹಳ್ಳಿಯ ಮಕ್ಕಳು ಪೇಟೆಯ ಕಾಲೇಜಿಗೆ ಸೇರಿದಾಗ ಮೊದಲು ಮುಚ್ಚಿಡುವುದು ತಮ್ಮ ಮಾತನ್ನು. ಮನೆಯಲ್ಲಿ ಆಡುವ ಕನ್ನಡ ಅಶುದ್ಧ, ಪುಸ್ತಕದ ಕನ್ನಡ ಶುದ್ಧ ಎಂಬ ಅಳುಕು ಅವರ ಬಾಯಿ ಕಟ್ಟಿಹಾಕುತ್ತದೆ. ತರಗತಿಯಲ್ಲಿ ಅನುಮಾನ ಬಂದರೂ ಎದ್ದು ಕೇಳುವುದಿಲ್ಲ.

ಇದಕ್ಕೊಂದು ಮದ್ದು ನಮ್ಮ ತಾಲ್ಲೂಕಿನಲ್ಲೇ ಇದೆ. 1948ರಲ್ಲಿ ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಹುಟ್ಟಿದ ದೇವನೂರ ಮಹಾದೇವ ತಮ್ಮ ಕತೆಗಳನ್ನು ಬರೆದದ್ದು ಈ ಸೀಮೆಯ ಆಡುಮಾತಿನಲ್ಲೇ. 1984ರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಉತ್ತರ ಕರ್ನಾಟಕದ, ಕರಾವಳಿಯ ಓದುಗರು ಈ ಪುಸ್ತಕ ಕಷ್ಟವೆಂದು ಹೇಳುವುದುಂಟು. ನಮ್ಮ ಮಕ್ಕಳಿಗೆ ಹಾಗಲ್ಲ. ಗಟ್ಟಿಯಾಗಿ ಓದಿದರೆ ಮನೆಯ ಅಜ್ಜಿ ಒಲೆ ಮುಂದೆ ಕೂತು ಕೇಳಿ ತಲೆದೂಗುತ್ತಾಳೆ. ರಾತ್ರಿ ದೀಪಗಳು ಜೋತಮ್ಮಗಳಾಗಿ ಒಂದೆಡೆ ಸೇರಿ ತಂತಮ್ಮ ಮನೆಯ ಸುದ್ದಿ ಮಾತಾಡಿಕೊಳ್ಳುವುದು ಅವಳಿಗೆ ಹೊಸದಲ್ಲ.

ಮೊದಲ ಬಾರಿಗೆ ಓದುವವರು ‘ಒಡಲಾಳ’ದಿಂದ (1978) ಹೊರಡಲಿ. ಸಾಕವ್ವ ಕಳೆದುಹೋದ ತನ್ನ ಹುಂಜವನ್ನು ಹುಡುಕುವುದು, ಹಸಿದ ಮನೆಯವರೆಲ್ಲ ಸುತ್ತ ಕೂತು ಒಂದೇ ರಾತ್ರಿಯಲ್ಲಿ ಕಡಲೆಕಾಯಿ ಮೂಟೆಯನ್ನು ಮುಗಿಸುವುದು: ನಗು ಬರುತ್ತದೆ, ನಗುತ್ತಿರುವಾಗಲೇ ಗಂಟಲು ಕಟ್ಟುತ್ತದೆ. ತನ್ನ ಊರಿನ ಮಾತಿಗೆ ಇಷ್ಟು ಶಕ್ತಿ ಇದೆಯೆಂದು ಕಂಡ ವಿದ್ಯಾರ್ಥಿ ಆಮೇಲೆ ತರಗತಿಯಲ್ಲಿ ಬಾಯಿ ತೆರೆಯಲು ಅಳುಕುವುದಿಲ್ಲ.

ಇದರ ಪಕ್ಕದ ಸಾಲಿಗೆ ಆತ್ಮಕತೆಗಳು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994), ಸಿದ್ಧಲಿಂಗಯ್ಯನವರ ‘ಊರುಕೇರಿ’ (1996) ಎರಡೂ ಜಾತಿಯ ನೋವನ್ನು ಸ್ವಂತ ಅನುಭವದಿಂದ ಹೇಳುತ್ತವೆ. ಮೊದಲನೆಯದು ಕೆಂಡದ ಹಾಗೆ ಸುಡುತ್ತದೆ. ಎರಡನೆಯದು ನಗಿಸುತ್ತಲೇ ಚುಚ್ಚುತ್ತದೆ. ಒಂದೇ ಬಗೆಯ ಕಷ್ಟವನ್ನು ಇಬ್ಬರು ಹೇಗೆ ಬೇರೆ ಬೇರೆ ದನಿಯಲ್ಲಿ ಹೇಳುತ್ತಾರೆ ಎಂಬುದನ್ನು ಹೋಲಿಸಿ ನೋಡುವುದೇ ಒಳ್ಳೆಯ ಪಾಠ. ಎಲ್ಲ ಜಾತಿಯ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುವ ಶಾಲೆಯಲ್ಲಿ ಈ ಪುಸ್ತಕಗಳನ್ನು ಎಲ್ಲರೂ ಓದಬೇಕು.

ಪತ್ತೇದಾರನಿಂದ ಹಾರುವ ಓತಿಯವರೆಗೆ

‘ನನ್ನ ಮಗ ಬರೀ ಪತ್ತೇದಾರಿ ಓದುತ್ತಾನೆ’ ಎನ್ನುವುದು ಹಳೆಯ ದೂರು. ಓದುತ್ತಿದ್ದಾನಲ್ಲ, ಅದೇ ಬಂಡವಾಳ! ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ನಿಂದ ಆರಂಭಿಸಿ ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಬಸ್ ನಿಲ್ದಾಣದ ಅಂಗಡಿಯಲ್ಲಿ, ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಆ ಪುಸ್ತಕಗಳನ್ನು ಹಿಡಿದ ಎಷ್ಟೋ ಮಂದಿ ಮುಂದೆ ಗಂಭೀರ ಸಾಹಿತ್ಯದ ಓದುಗರಾದರು.

ಪತ್ತೇದಾರಿಯ ಪಕ್ಕದ ಸಾಲು ಯಾವುದು? ಬೇಟೆಯ ಕತೆ. ಕೆನೆತ್ ಆಂಡರ್ಸನ್ನನ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದಿದ್ದಾರೆ. ಹೆಜ್ಜೆ ಗುರುತು, ಮುರಿದ ಹುಲ್ಲು, ಹಕ್ಕಿಯ ಎಚ್ಚರಿಕೆಯ ಕೂಗು ಇವುಗಳಿಂದ ನರಭಕ್ಷಕ ಎಲ್ಲಿದೆಯೆಂದು ಊಹಿಸುವುದೂ ಪತ್ತೇದಾರಿಯೇ. ಓದಲು ಒಲ್ಲೆ ಎನ್ನುವ ಎಂಟನೆಯ ತರಗತಿಯ ಹುಡುಗನ ಕೈಗೆ ಇದನ್ನು ಕೊಟ್ಟು ನೋಡಿ.

ಅಲ್ಲಿಂದ ಒಂದು ಹೆಜ್ಜೆಗೆ ತೇಜಸ್ವಿಯವರದೇ ‘ಕರ್ವಾಲೊ’ (1980). ಒಬ್ಬ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ, ಕೃಷಿ ಮಾಡಿಕೊಂಡಿರುವ ಲೇಖಕ, ‘ಕಿವಿ’ ಎಂಬ ನಾಯಿ ಎಲ್ಲರೂ ಸೇರಿ ಪಶ್ಚಿಮಘಟ್ಟದ ಕಾಡಿನಲ್ಲಿ ಹಾರುವ ಓತಿಯೊಂದನ್ನು ಹುಡುಕಿ ಹೊರಡುತ್ತಾರೆ. ಹಾರುವ ಓತಿ ನಿಜವಾದ ಪ್ರಾಣಿ. ಉದ್ದವಾಗಿ ಬೆಳೆದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮದ ಪೊರೆಯನ್ನು ಕೊಡೆಯಂತೆ ಬಿಚ್ಚಿ, ಮರದಿಂದ ಮರಕ್ಕೆ ತೇಲಿ ಇಳಿಯುತ್ತದೆ. ಜೀವವಿಕಾಸದ ಪಾಠಕ್ಕೆ ಮೊದಲು ಈ ಕಾದಂಬರಿಯನ್ನು ಓದಿದ ತರಗತಿಯಲ್ಲಿ ಪ್ರಶ್ನೆಗಳ ಸುರಿಮಳೆಯಾಗುತ್ತದೆ. ‘ರೆಕ್ಕೆ ಪೂರ್ತಿ ಬೆಳೆಯುವ ಮುಂಚೆ ಅರ್ಧ ರೆಕ್ಕೆಯಿಂದ ಏನು ಪ್ರಯೋಜನ ಸಾರ್?’ ಎಂದು ಒಬ್ಬ ಹುಡುಗ ಕೇಳಿದ್ದ. ಡಾರ್ವಿನ್ನನ ವಿರೋಧಿಗಳೂ ಇದೇ ಪ್ರಶ್ನೆ ಎತ್ತಿದ್ದರು. ಹುಡುಗನಿಗೆ ಅದನ್ನು ಕೇಳಲು ಕಲಿಸಿದ್ದು ಪಠ್ಯವಲ್ಲ, ಕಾದಂಬರಿ. ಕೊನೆಗೆ ಆ ಓತಿ ಸಿಕ್ಕಿತೇ ಎಂಬುದನ್ನು ನಾನು ಹೇಳುವುದಿಲ್ಲ; ಓದಿ ತಿಳಿಯಿರಿ.

ಮುಂದಿನ ಸಾಲಿಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ (1976). ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು ಸುತ್ತಿದ ಅನುಭವ ಇದು. ಗಿಡಗಳ ಪರಿಚಯವೂ ಉಂಟು, ಹೊಟ್ಟೆ ಹುಣ್ಣಾಗಿಸುವ ತಮಾಷೆಯೂ ಉಂಟು. 1978ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ವಿಜ್ಞಾನದ ಪುಸ್ತಕ ಸಾಹಿತ್ಯವೂ ಆಗಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೊನೆಗೆ ಒಬ್ಬ ವಿಜ್ಞಾನ ಶಿಕ್ಷಕರ ಆತ್ಮಕತೆ: ಎಚ್. ನರಸಿಂಹಯ್ಯನವರ ‘ಹೋರಾಟದ ಹಾದಿ’. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ, ಬಸ್ಸಿಗೆ ಕಾಸಿಲ್ಲದೆ ಓದಲೆಂದು ಬೆಂಗಳೂರಿಗೆ ನಡೆದೇ ಹೋದರು. ಮುಂದೆ ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಪತ್ತೇದಾರ ಪುರುಷೋತ್ತಮನಿಂದ ಹೊರಟ ಹುಡುಗ ನಾಲ್ಕೇ ಸಾಲು ದಾಟಿ ಇಲ್ಲಿಗೆ ಬಂದು ಮುಟ್ಟುತ್ತಾನೆ.

ಬರೆದದ್ದೆಲ್ಲ ನಿಜವೇ?

ಆತ್ಮಕತೆ ಓದುವಾಗ ಒಂದು ಎಚ್ಚರ ಬೇಕು. ತೇಜಸ್ವಿಯವರು ಕನ್ನಡಕ್ಕೆ ತಂದ ‘ಮಹಾಪಲಾಯನ’ ಬಹಳ ಮಂದಿ ಮೆಚ್ಚಿದ ಪುಸ್ತಕ. ಸೈಬೀರಿಯಾದ ಸೆರೆಶಿಬಿರದಿಂದ ತಪ್ಪಿಸಿಕೊಂಡ ಕೆಲವರು ಗೋಬಿ ಮರುಭೂಮಿ, ಹಿಮಾಲಯಗಳನ್ನು ನಡೆದೇ ದಾಟಿ ಭಾರತಕ್ಕೆ ಬಂದರೆಂದು ಪೋಲೆಂಡಿನ ಸ್ಲಾವೊಮಿರ್ ರಾವಿಚ್ ಹೇಳಿಕೊಂಡ ಕತೆ. ಆದರೆ 2006ರಲ್ಲಿ ಬಿಬಿಸಿ ಬೆಳಕಿಗೆ ತಂದ ಹಳೆಯ ದಾಖಲೆಗಳ ಪ್ರಕಾರ, ರಾವಿಚ್‌ರನ್ನು 1942ರಲ್ಲಿ ಇತರ ಪೋಲಿಷ್ ಕೈದಿಗಳ ಜೊತೆ ಕ್ಷಮಾದಾನದ ಮೇಲೆ ಬಿಡುಗಡೆ ಮಾಡಿ ಇರಾನಿನ ಶಿಬಿರಕ್ಕೆ ಕಳಿಸಲಾಗಿತ್ತು.

ಹಾಗಾದರೆ ಪುಸ್ತಕವನ್ನು ಎಸೆಯಬೇಕೆ? ಬೇಡ. ಸಾಹಸಕತೆಯಾಗಿ ಅದರ ರುಚಿ ಕೆಡುವುದಿಲ್ಲ. ಆದರೆ ‘ಇದನ್ನು ಹೇಳುತ್ತಿರುವವರು ಯಾರು? ಯಾವಾಗ ಹೇಳಿದರು? ಬೇರೆ ಸಾಕ್ಷಿ ಇದೆಯೆ?’ ಎಂಬ ಮೂರು ಪ್ರಶ್ನೆಗಳನ್ನು ಮಕ್ಕಳು ಕೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗದು. ಪ್ರಯೋಗಶಾಲೆಯಲ್ಲಿ ಒಂದೇ ಅಳತೆಯನ್ನು ಮೂರು ಸಲ ತೆಗೆಯುವುದು ಇದೇ ಕಾರಣಕ್ಕೆ ಅಲ್ಲವೆ?

ಐತಿಹಾಸಿಕ ಕಾದಂಬರಿಗೂ ಇದೇ ಮಾತು. ತಿ. ನರಸೀಪುರ ತಾಲ್ಲೂಕಿನ ತಲಕಾಡಿಗೆ ಪ್ರವಾಸ ಹೋದ ಮಕ್ಕಳು ಅಲಮೇಲಮ್ಮನ ಶಾಪದ ಕತೆ ಕೇಳಿ ಬರುತ್ತಾರೆ. ಕಾವೇರಿಯ ತಿರುವು, ಬಯಲಾದ ಹೊಳೆಯ ಮರಳು, ಬೀಸುವ ಗಾಳಿ ಇವು ಸೇರಿ ದೇವಸ್ಥಾನಗಳನ್ನು ಹೇಗೆ ಮುಚ್ಚಿದವೆಂಬುದು ಇನ್ನೊಂದು ಕತೆ. ಎರಡನ್ನೂ ಕೇಳಿ, ಯಾವುದು ಏನೆಂದು ತಿಳಿದವನು ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನೋ (1956) ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನೋ (1982) ಹೆಚ್ಚು ಸವಿಯುತ್ತಾನೆ. ಮೊದಲನೆಯದು ಕೊಡಗಿನ ಕೊನೆಯ ಅರಸನ ಕತೆ, ಎರಡನೆಯದು ಚಿತ್ರದುರ್ಗದ ಕೊನೆಯ ನಾಯಕನದು. ರಾಜ್ಯ ಕುಸಿಯುವುದನ್ನು ಇಬ್ಬರು ದೊಡ್ಡ ಲೇಖಕರು ಹೇಗೆ ಕಂಡರೆಂದು ಹೋಲಿಸಲು ಪಿಯುಸಿ ನಂತರದ ರಜೆ ಸರಿಯಾದ ಕಾಲ.

ತಂದೆ ತಾಯಂದಿರಿಗೆ

‘ನಮಗೇ ಓದು ಬಾರದು, ಮಕ್ಕಳಿಗೇನು ಹೇಳೋಣ?’ ಎನ್ನುವವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಅವರು ಹಿಂಜರಿಯಬೇಕಾಗಿಲ್ಲ. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿಯ ಕತೆ, ದೇವರಗುಡ್ಡರು ಹಾಡುವ ಮಾದಪ್ಪನ ಕತೆ ಕೇಳಿ ಬೆಳೆದವರು ನೀವು. ಮಗು ಕಾಣುವ ಮೊದಲ ಗ್ರಂಥಾಲಯ ನಿಮ್ಮ ನಾಲಗೆಯ ಮೇಲೇ ಇದೆ. ನೀವು ಒಂದು ಕತೆ ಹೇಳಿ. ಮಗುವಿನ ಕೈಯಲ್ಲಿ ಒಂದು ಪುಸ್ತಕ ಓದಿಸಿ ಕ್ಷೇಮವಾಗಿ ಕೇಳಿ. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ, ಟಿ.ವಿ. ಮತ್ತು ಮೊಬೈಲು ಎರಡನ್ನೂ ಪಕ್ಕಕ್ಕಿಟ್ಟು, ಮನೆಯವರೆಲ್ಲ ಕೂತರೆ ಸಾಕು.

ಇನ್ನೆರಡು ಮಾತು. ಅರ್ಧ ಓದಿ ಬೇಸರವಾದ ಪುಸ್ತಕವನ್ನು ಮುಗಿಸಲೇಬೇಕೆಂದು ಬಲವಂತ ಮಾಡಬೇಡಿ. ಮೂರು ವರ್ಷದ ಮೇಲೆ ಅದೇ ಪುಸ್ತಕ ರುಚಿಸಬಹುದು. ಓದಿದ ಮೇಲೆ ‘ನೀತಿ ಏನು?’ ಎಂದು ಪರೀಕ್ಷೆ ಮಾಡಬೇಡಿ. ‘ನೀನಾಗಿದ್ದರೆ ಏನು ಮಾಡುತ್ತಿದ್ದೆ?’ ಎಂದು ಕೇಳಿ. ಮಗು ಮಾತಾಡುತ್ತದೆ.

ಪುಸ್ತಕ ಎಲ್ಲಿ ಸಿಗುತ್ತದೆ?

ಹಣ ಕೊಟ್ಟೇ ಕೊಳ್ಳಬೇಕೆಂದಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ ಕಾರ್ಯಕ್ರಮ 2020ರ ನವೆಂಬರಿನಲ್ಲಿ ಆರಂಭವಾಯಿತು. ನಿಮ್ಮ ಪಂಚಾಯಿತಿಯ ಗ್ರಂಥಾಲಯಕ್ಕೆ ಮಗುವನ್ನು ಕರೆದುಕೊಂಡು ಹೋಗಿ ಹೆಸರು ಬರೆಸಿ. ಬೇಕಾದ ಪುಸ್ತಕ ಅಲ್ಲಿ ಇಲ್ಲದಿದ್ದರೆ ಮೇಲ್ವಿಚಾರಕರಿಗೆ ಚೀಟಿ ಬರೆದುಕೊಡಿ. ಕೇಳುವವರಿದ್ದರೆ ತರಿಸುವವರೂ ಹುಟ್ಟುತ್ತಾರೆ. ಶಾಲೆಯ ಬೀರುವಿನ ಬೀಗ ತೆಗೆಸಿ. ನಾಲ್ಕು ಮನೆಯವರು ಸೇರಿ ತಲಾ ಮೂರು ಪುಸ್ತಕ ಕೊಂಡು ಬದಲಾಯಿಸಿಕೊಂಡರೆ ಪ್ರತಿ ಮನೆಗೂ ವರ್ಷಕ್ಕೆ ಹನ್ನೆರಡು ಪುಸ್ತಕ, ತಿಂಗಳಿಗೊಂದರ ಲೆಕ್ಕ.

ರಜೆಯಲ್ಲಿ ಶ್ರೀರಂಗಪಟ್ಟಣದ ಕಡೆ ಹೋದರೆ ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿ ಅಂಕೇಗೌಡರ ‘ಪುಸ್ತಕ ಮನೆ’ಯನ್ನು ಮಕ್ಕಳಿಗೆ ತೋರಿಸಿ. ಬಸ್ ಕಂಡಕ್ಟರ್ ಆಗಿದ್ದು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಒಬ್ಬರೇ ವ್ಯಕ್ತಿ ತಮ್ಮ ಸಂಪಾದನೆಯನ್ನು ಸುರಿದು ಲಕ್ಷಾಂತರ ಪುಸ್ತಕ ಕೂಡಿಸಿದ್ದಾರೆ. ಅಲ್ಲಿ ನೆಲದಿಂದ ಮಾಡಿನವರೆಗೆ ಪೇರಿಸಿದ ರಾಶಿಯಲ್ಲಿ ಯಾವ ಪುಸ್ತಕಕ್ಕೂ ಮೇಲಿನ ಮಣೆ ಇಲ್ಲ.

ಈ ವಾರದಿಂದಲೇ ಹೊರಡಿ. ಮಗುವಿನ ಚೀಲದಲ್ಲಿ ಈಗ ಇರುವ ಕತೆ ಪುಸ್ತಕ ಯಾವುದೆಂದು ಬಯ್ಯದೆ ಕೇಳಿ. ಅದು ಪತ್ತೇದಾರಿಯಾದರೆ ಕಾಡಿನ ಕತೆ, ಕಾಡಿನ ಕತೆಯಾದರೆ ‘ಕರ್ವಾಲೊ’, ಕಣ್ಣೀರಿನ ಕಾದಂಬರಿಯಾದರೆ ‘ಫಣಿಯಮ್ಮ’ ಪಕ್ಕದ ಸಾಲು. ಮುಂದಿನ ಸಾಲನ್ನು ಮಗುವೇ ಹುಡುಕಿಕೊಳ್ಳುತ್ತದೆ.